ಎರಡು ಕವಡೆ, ಎರಡು ರೈಲು

ಬೇಕಾಗಿದ್ದದ್ದು ಎರಡು ನಾಣ್ಯ, ಮನೆಯಲ್ಲಿದ್ದದ್ದು ಒಂದೇ. ಅದೂ ದೇವರ ಮುಂದಿನ ತಟ್ಟೆಯಲ್ಲಿ ಎಣ್ಣೆಗೆ ಅಂಟಿಕೊಂಡು ಕೂತಿತ್ತು, ಮುಟ್ಟುವಂತಿರಲಿಲ್ಲ. ತರಕಾರಿ ಗಾಡಿಯವನಿಂದ ಹಿಡಿದು ಆಟೋದವನವರೆಗೆ ಎಲ್ಲರಿಗೂ ಫೋನಿನಲ್ಲೇ ದುಡ್ಡು ಕೊಡುವ ಕಾಲ. ಒಂಬತ್ತನೇ ತರಗತಿಯ ಹುಡುಗಿ ಅಪ್ಪನ ಅಂಗಿಯ ಜೇಬು, ಅವ್ವನ ಹಳೆಯ ಪರ್ಸು, ಹೊಲಿಗೆ ಯಂತ್ರದ ಖಾನೆ ಎಲ್ಲವನ್ನೂ ಜಾಲಾಡಿ ಬರಿಗೈಯಲ್ಲಿ ಅಡುಗೆಮನೆಗೆ ಬಂದಳು. ಎರಡು ನಾಣ್ಯಗಳನ್ನು ಒಟ್ಟಿಗೆ ಇನ್ನೂರು ಸಲ ಎಸೆದು, ಪ್ರತಿ ಸಲವೂ ಏನು ಬಿತ್ತೆಂದು ಬರೆದುಕೊಂಡು ಬರಬೇಕೆಂದು ಲೆಕ್ಕದ ಮೇಷ್ಟ್ರು ಹೇಳಿ ಕಳಿಸಿದ್ದರು.

"ನಾಣ್ಯ ಯಾಕ? ಕವಡೆ ಅದಾವಲ್ಲ" ಎಂದು ತಾಯಿ ಅಟ್ಟದ ಮೇಲಿನ ಡಬ್ಬಿ ಇಳಿಸಿದಳು.

ಗಾಜುವಾಕದ ಆಟೋನಗರಕ್ಕೆ ನಡೆದು ಹೋಗುವಷ್ಟು ಹತ್ತಿರ, ಎರಡನೇ ಮಹಡಿಯಲ್ಲಿ ಈ ಮನೆ. ಒಂದು ಕಾಲಕ್ಕೆ ಪ್ರತ್ಯೇಕ ಪುರಸಭೆಯಾಗಿದ್ದ ಗಾಜುವಾಕ 2005ರಿಂದ ವಿಶಾಖಪಟ್ಟಣ ಮಹಾನಗರ ಪಾಲಿಕೆಯೊಳಗೆ ಸೇರಿಹೋಗಿದೆ. ಒಂದು ಕಡೆ ಉಕ್ಕಿನ ಕಾರ್ಖಾನೆ, ಅದರ ನೌಕರರ ಉಕ್ಕುನಗರಂ. ಇನ್ನೊಂದು ಕಡೆ ಲೇತು, ವೆಲ್ಡಿಂಗು, ಲಾರಿ ರಿಪೇರಿಯ ಸಣ್ಣ ಸಣ್ಣ ಶೆಡ್ಡುಗಳು. ಅಂಥದ್ದೊಂದು ಶೆಡ್ಡಿನಲ್ಲಿ ಹುಡುಗಿಯ ಅಪ್ಪ ಹನ್ನೆರಡು ವರ್ಷದಿಂದ ಲೇತಿನ ಕೆಲಸ ಮಾಡುತ್ತಾನೆ. ತಾಯಿಯ ತವರು ಹೂವಿನಹಡಗಲಿ. ಮನೆಯಲ್ಲಿ ಆಡುವುದು ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಹುಡುಗಿ ಕವಡೆಯನ್ನು 'ಗವ್ವ' ಎನ್ನುತ್ತಾಳೆ. ಸಂಭವನೀಯತೆ ಎಂಬ ಕನ್ನಡ ಪದ ಅವಳಿಗೆ ಗೊತ್ತಿಲ್ಲ, ಆದರೆ ಪಕ್ಕದ ಮನೆಯ ಹುಡುಗ ತನ್ನ ತೆಲುಗು ಮಾಧ್ಯಮದ ಪುಸ್ತಕದಲ್ಲಿ ಓದುವ 'ಸಂಭಾವ್ಯತ' ಗೊತ್ತಿದೆ.

ಡಬ್ಬಿಯಲ್ಲಿ ನಾಲ್ಕು ಕವಡೆಗಳಿದ್ದವು. ಮದುವೆಯಾಗಿ ಹೊರಟಾಗ ತಾಯಿಗೆ ಅವಳ ತಾಯಿ ಕಟ್ಟಿಕೊಟ್ಟದ್ದು. ಬಳಸಿ ಬಳಸಿ ಬೆನ್ನು ನುಣ್ಣಗಾಗಿ ಹಳದಿಗೆ ತಿರುಗಿವೆ.

*

ನಾಣ್ಯ ಬಿಟ್ಟು ಕವಡೆ ಹಿಡಿದಾಗ ಲೆಕ್ಕದ ಸ್ವರೂಪವೇ ಬದಲಾಯಿತು. ಅದು ತಾಯಿಗೂ ಮಗಳಿಗೂ ತಕ್ಷಣ ಹೊಳೆಯಲಿಲ್ಲ.

ನಾಣ್ಯಕ್ಕೆ ಎರಡು ಮುಖ, ಎರಡೂ ಸಮ. ಹಾಗಾಗಿ ಎಸೆಯುವ ಮೊದಲೇ ಅರ್ಧ ಎಂದು ಹೇಳಬಹುದು. ದಾಳಕ್ಕೆ ಆರು ಮುಖ, ಆರರಲ್ಲಿ ಒಂದು. ಇಲ್ಲಿ ಕೈಗೆ ಕೆಲಸವಿಲ್ಲ, ತಲೆಯೇ ಸಾಕು. ಕವಡೆಗೂ ಎರಡೇ ಮಗ್ಗುಲು: ಬಾಯಿ ಮೇಲೆ ಮಾಡಿ ಅಂಗಾತ ಬೀಳುತ್ತದೆ, ಇಲ್ಲವೇ ಬೆನ್ನು ಮೇಲೆ ಮಾಡಿ ಬೋರಲು ಬೀಳುತ್ತದೆ. ಆದರೆ ಎರಡು ಮಗ್ಗುಲೂ ಸಮವಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಅಂಗಾತ ಬೀಳುವ ಸಂಭವ ಎಷ್ಟೆಂದು ಎಷ್ಟು ಹೊತ್ತು ದಿಟ್ಟಿಸಿ ನೋಡಿದರೂ ಗೊತ್ತಾಗುವುದಿಲ್ಲ. ಒಂದೇ ದಾರಿ, ಎಸೆಯುವುದು. ಎಸೆದು, ಎಣಿಸಿ, ಬಿದ್ದ ಸಲಗಳನ್ನು ಎಸೆದ ಸಲಗಳಿಂದ ಭಾಗಿಸುವುದು. ಪ್ರಾಯೋಗಿಕ ಸಂಭವನೀಯತೆ ಎಂದರೆ ಇಷ್ಟೇ.

ಯಾವ ಕವಡೆ ಯಾವುದೆಂದು ತಿಳಿಯಲು ಹುಡುಗಿ ಒಂದಕ್ಕೆ ಉಗುರಿನ ಕೆಂಪು ಬಣ್ಣದ ಚುಕ್ಕೆಯಿಟ್ಟಳು. ನೋಟುಪುಸ್ತಕದಲ್ಲಿ ನಾಲ್ಕು ಮನೆ ಗೀಚಿದಳು: ಎರಡೂ ಅಂಗಾತ, ಕೆಂಪು ಮಾತ್ರ ಅಂಗಾತ, ಬಿಳಿ ಮಾತ್ರ ಅಂಗಾತ, ಎರಡೂ ಬೋರಲು. ಚಾಪೆಯ ಮೇಲೆ ಅವಳು ಎಸೆಯುವುದು, ತಾಯಿ ಗೆರೆ ಹಾಕುವುದು.

ಮೊದಲ ಇಪ್ಪತ್ತು ಎಸೆತದಲ್ಲಿ ಎಂಟು ಸಲ ಎರಡೂ ಅಂಗಾತ ಬಿದ್ದವು. ತಾಯಿಗೆ ಖುಷಿಯಾಯಿತು. "ನೋಡು, ಅಕ್ಕತಂಗೇರು ಇದ್ದಂಗ ಅದಾವ. ಒಂದು ಬಿದ್ದಂಗ ಇನ್ನೊಂದು ಬೀಳತೈತಿ." ಐವತ್ತು ಎಸೆತವಾದಾಗ ಆ ಎಂಟು ಹದಿನಾಲ್ಕಾಗಿತ್ತು. ನೂರಕ್ಕೆ ಇಪ್ಪತ್ಮೂರು, ಇನ್ನೂರಕ್ಕೆ ನಲವತ್ತೊಂದು. ದಶಮಾಂಶದಲ್ಲಿ ಬರೆದರೆ 0.40, 0.28, 0.23, ಕೊನೆಗೆ 0.205. ಅಕ್ಕತಂಗಿಯರ ಸಂಬಂಧ ಎಸೆತ ಹೆಚ್ಚಿದಷ್ಟೂ ಸಡಿಲವಾಗುತ್ತ ಹೋಯಿತು.

ಸಂಜೆಯ ಹೊತ್ತಿಗೆ ನಾಲ್ಕು ಮನೆಗಳೂ ತುಂಬಿದ್ದವು. ಎರಡೂ ಅಂಗಾತ 41, ಕೆಂಪು ಮಾತ್ರ 43, ಬಿಳಿ ಮಾತ್ರ 51, ಎರಡೂ ಬೋರಲು 65. ಅಂದರೆ ಕೆಂಪು ಚುಕ್ಕೆಯ ಕವಡೆ ಇನ್ನೂರರಲ್ಲಿ 84 ಸಲ ಅಂಗಾತ ಬಿದ್ದಿತ್ತು, 0.42. ಬಿಳಿಯದು 92 ಸಲ, 0.46. ಮೇಷ್ಟ್ರು ಹಾಳೆಯ ಕೊನೆಯಲ್ಲಿ ಮುಂದಿನ ತರಗತಿಗಳ ಒಂದು ಪ್ರಶ್ನೆಯನ್ನೂ ಸೇರಿಸಿದ್ದರು: ಎರಡು ಘಟನೆಗಳು ಸ್ವತಂತ್ರವಾಗಿದ್ದರೆ ಎರಡೂ ಒಟ್ಟಿಗೆ ಆಗುವ ಸಂಭವ ಅವುಗಳ ಗುಣಲಬ್ಧ, ನಿಮ್ಮ ಎಣಿಕೆ ಅದಕ್ಕೆ ಹೊಂದುತ್ತದೆಯೇ ನೋಡಿ.

0.42ನ್ನು 0.46ರಿಂದ ಗುಣಿಸಿದರೆ 0.1932. ಇನ್ನೂರು ಎಸೆತಕ್ಕೆ ಸುಮಾರು 39. ಚಾಪೆಯ ಮೇಲೆ ಬಿದ್ದದ್ದು 41. ಎರಡರ ವ್ಯತ್ಯಾಸ, ಇನ್ನೊಂದು ಇನ್ನೂರು ಎಸೆದರೆ ಅದು ಆ ಕಡೆಗೂ ಹೋಗಬಹುದು, ಈ ಕಡೆಗೂ ಬರಬಹುದು. ಹುಡುಗಿ ಇನ್ನೊಂದು ರೀತಿಯಲ್ಲೂ ನೋಡಿದಳು. ಕೆಂಪು ಅಂಗಾತ ಬಿದ್ದ 84 ಸಲಗಳಲ್ಲಿ ಬಿಳಿ 41 ಸಲ ಅಂಗಾತ, ನೂರಕ್ಕೆ 49ರಷ್ಟು. ಕೆಂಪು ಬೋರಲು ಬಿದ್ದ 116 ಸಲಗಳಲ್ಲಿ ಬಿಳಿ 51 ಸಲ ಅಂಗಾತ, ನೂರಕ್ಕೆ 44ರಷ್ಟು. ಹೆಚ್ಚೂ ಕಡಿಮೆ ಒಂದೇ. ಕೆಂಪು ಕವಡೆ ಹೇಗೆ ಬಿತ್ತೆಂದು ಬಿಳಿ ಕವಡೆ ಕೇಳಿಸಿಕೊಳ್ಳುವುದಿಲ್ಲ. ಸ್ವತಂತ್ರ ಎಂಬ ಮಾತಿಗೆ ಗಣಿತದಲ್ಲಿರುವ ಅರ್ಥ ಇದೇ: ಒಂದರ ಸುದ್ದಿ ತಿಳಿದರೂ ಇನ್ನೊಂದರ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

*

ನಾಲ್ಕು ಕವಡೆ ಹಿಡಿದು ಆಡುವ ಆಟಕ್ಕೆ ಕನ್ನಡದಲ್ಲಿ ಚೌಕಾಬಾರ ಎಂದು ಹೆಸರು. ತೆಲುಗಿನಲ್ಲಿ ಅಷ್ಟಾಚಮ್ಮಾ. ಪಕ್ಕದ ಮನೆಯವರು ಈ ಕವಡೆಗಳನ್ನು ಕಂಡಾಗಲೆಲ್ಲ ಕೇಳುವುದು ಅಷ್ಟಾಚಮ್ಮಾ ಆಡೋಣವೇ ಎಂದೇ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲು ಬಿದ್ದರೆ ಎಂಟು, ಅದು ಬಾರ. ತೆಲುಗಿನವರಿಗೆ ಎಂಟು ಅಷ್ಟ, ನಾಲ್ಕು ಚಮ್ಮ. ಕನ್ನಡ ನಾಲ್ಕನ್ನು ಮೊದಲು ಹೇಳಿತು, ತೆಲುಗು ಎಂಟನ್ನು ಮೊದಲು ಹೇಳಿತು. ಆದರೆ ಎರಡು ಭಾಷೆಯವರೂ ಆಟಕ್ಕೆ ಹೆಸರಿಡುವಾಗ ದಿನವೂ ಬೀಳುವ ಎರಡು, ಮೂರುಗಳನ್ನು ಬಿಟ್ಟು, ನಾಲ್ಕೂ ಒಂದೇ ಥರ ಬೀಳುವ ಆ ಎರಡು ಎಸೆತಗಳನ್ನೇ ಆರಿಸಿಕೊಂಡರು. ಬಿದ್ದವರಿಗೆ ಇನ್ನೊಂದು ಆಟ ಸಿಗುವುದೂ ಅವಕ್ಕೇ.

ಕವಡೆಗಳು ನಾಣ್ಯದಂತೆ ಸಮವಾಗಿದ್ದಿದ್ದರೆ ಚೌಕಕ್ಕೂ ಬಾರಕ್ಕೂ ಹದಿನಾರರಲ್ಲಿ ಒಂದು, 0.0625. ಆದರೆ ಚಾಪೆಯ ಮೇಲಿನ ಎಣಿಕೆ ಬೇರೆ ಹೇಳುತ್ತಿತ್ತು. ಡಬ್ಬಿಯ ನಾಲ್ಕೂ ಕವಡೆಗಳು ಸರಾಸರಿ 0.44ರಂತೆ ಅಂಗಾತ ಬೀಳುತ್ತವೆ ಎಂದುಕೊಂಡರೆ, ಚೌಕದ ಸಂಭವ 0.44ನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು 0.037. ಬಾರದ್ದು 0.56ನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು 0.098. ಒಂದೊಂದು ಕವಡೆಯಲ್ಲಿ ಅಷ್ಟಿಷ್ಟು ಓರೆ, ನಾಲ್ಕು ಸೇರಿದಾಗ ಎರಡೂವರೆ ಪಟ್ಟು ಅಂತರ. ಈ ಮನೆಯ ಕವಡೆಗಳಲ್ಲಿ ಚೌಕಕ್ಕಿಂತ ಬಾರವೇ ಹೆಚ್ಚು ಬೀಳಬೇಕು. ಬೇರೆ ಮನೆಯ ಕವಡೆಗಳಿಗೆ ಬೇರೆ ಲೆಕ್ಕ. ಅದನ್ನು ಅವರೇ ಎಸೆದು ನೋಡಬೇಕು.

ಇನ್ನೂರು ಸಲ ಎಸೆದವರಿಗೆ ಕೈ ನೋಯುತ್ತದೆ, ಆದರೆ ಚರಿತ್ರೆಯಲ್ಲಿ ಇವರಿಗಿಂತ ಹಠಮಾರಿಗಳಿದ್ದಾರೆ. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಬಫಾನ್ 4040 ನಾಣ್ಯದ ಎಸೆತಗಳನ್ನು ಲೆಕ್ಕವಿಟ್ಟ, ತಲೆ ಬಿದ್ದದ್ದು 2048. ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ ಲೆಕ್ಕದಲ್ಲಿ 24,000 ಎಸೆತ, ತಲೆ 12,012. ಜಾನ್ ಕೆರಿಚ್ ಎಂಬ ಗಣಿತದ ಅಧ್ಯಾಪಕ ದಕ್ಷಿಣ ಆಫ್ರಿಕಾದವನು. 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕಿಗೆ ನುಗ್ಗಿದಾಗ ಅಲ್ಲಿ ಸಿಕ್ಕಿಹಾಕಿಕೊಂಡ. ಬಂಧನ ಶಿಬಿರದಲ್ಲಿ ಕೈಯಲ್ಲಿ ಬೇರೇನೂ ಕೆಲಸವಿಲ್ಲದೆ ನಾಣ್ಯವನ್ನು 10,000 ಸಲ ಚಿಮ್ಮಿದ. ತಲೆ 5067. ಅಷ್ಟಕ್ಕೇ ಬಿಡದೆ, ಒಂದು ಮಗ್ಗುಲಿಗೆ ಸೀಸ ಬಳಿದ ಮರದ ಬಿಲ್ಲೆಯನ್ನೂ ಎಸೆದು ನೋಡಿದ. ಸಮನಾದ ನಾಣ್ಯದ ಉತ್ತರ ಮೊದಲೇ ಗೊತ್ತಿತ್ತು. ಓರೆಯಾದ ಬಿಲ್ಲೆಯ ಉತ್ತರಕ್ಕೆ ಎಸೆಯದೆ ಗತಿಯಿರಲಿಲ್ಲ. ಆ ಬಿಲ್ಲೆ ಕವಡೆಯ ನೆಂಟ.

ನಮ್ಮ ಕಡೆಯ ಹಳೆಯ ಕಥೆ ಮಹಾಭಾರತದ ವನಪರ್ವದಲ್ಲಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಒಂದು ತಾರೆಮರ. ಆ ಕಾಲಕ್ಕೆ ಅದರ ಕಾಯಿಗಳೇ ಜೂಜಿನ ದಾಳ. ಋತುಪರ್ಣ ಮರವನ್ನು ನೋಡಿ ಕೊಂಬೆಗಳಲ್ಲಿರುವ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಳ ನಂಬುವುದಿಲ್ಲ. ರಥ ನಿಲ್ಲಿಸಿ, ಕಡಿದು, ಎಣಿಸಿಯೇ ನೋಡುತ್ತಾನೆ. ಲೆಕ್ಕ ಸರಿಯಿರುತ್ತದೆ. ಋತುಪರ್ಣನ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ಅವಸರದ ಪಯಣದ ನಡುವೆ ಇಳಿದು ಎಣಿಸಿದ ನಳನ ಹಠವೂ ಹೊಗಳಿಕೆಗೆ ತಕ್ಕದ್ದೇ.

*

ಹುಡುಗಿ ಹಾಳೆಯನ್ನು ಚೀಲಕ್ಕೆ ಸೇರಿಸುವ ಹೊತ್ತಿಗೆ ತಾಯಿ ಫೋನು ಹಿಡಿದು ಕೂತಿದ್ದಳು. ಹಡಗಲಿಯಲ್ಲಿರುವ ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕು. ಹೊಸಪೇಟೆಯ ವೈದ್ಯರು ಕೊಟ್ಟ ದಿನ ಸಂಕ್ರಾಂತಿಗೆ ಎರಡು ದಿನ ಮುಂಚೆ. ಗಾಜುವಾಕದಿಂದ ಅಲ್ಲಿಗೆ ಹೋಗಲು ಈ ಮನೆಯವರ ದಾರಿ ಎರಡು ತುಂಡಿನದು. ಬೆಳಗಿನ ರೈಲಿನಲ್ಲಿ ವಿಜಯವಾಡ, ಸುಮಾರು 350 ಕಿಲೋಮೀಟರು. ಅಲ್ಲಿಂದ ರಾತ್ರಿಯ ರೈಲಿನಲ್ಲಿ ಗುಂತಕಲ್ಲು, ಬಳ್ಳಾರಿ ದಾಟಿ ಹೊಸಪೇಟೆ. ಆಮೇಲೆ ಹಡಗಲಿಗೆ ಬಸ್ಸು. ಎರಡೂ ರೈಲಿನ ಟಿಕೆಟ್ಟು ಫೋನಿನಲ್ಲಿದ್ದವು, ಎರಡೂ ಕಾಯುವ ಪಟ್ಟಿಯಲ್ಲಿದ್ದವು.

"ಎರಡೂ ಕೈಕೊಡಾಕ ಸಾಧ್ಯ ಇಲ್ಲ. ಒಂದಾದ್ರೂ ಆಗೇ ಆಗತೈತಿ" ಎಂದ ಅಪ್ಪ. ಒಂದು ಸಿಕ್ಕರೂ ಸಾಕು ಎಂಬುದು ಈ ಮನೆಯ ಹಳೆಯ ಸೂತ್ರ. ಮೊದಲನೆಯದು ಸಿಕ್ಕರೆ ವಿಜಯವಾಡದವರೆಗೆ ಕೂತು ಹೋಗಿ, ಅಲ್ಲಿನ ದೊಡ್ಡ ಬಸ್ ನಿಲ್ದಾಣದಲ್ಲಿ ಏನಾದರೊಂದು ಹಿಡಿಯುವುದು. ಎರಡನೆಯದು ಸಿಕ್ಕರೆ ವಿಜಯವಾಡಕ್ಕೆ ಹೇಗೋ ತಲುಪಿ, ರಾತ್ರಿ ಮಲಗಿಕೊಂಡು ಹೋಗುವುದು.

ಹುಡುಗಿಗೆ ತಾನು ಈಗಷ್ಟೇ ಮುಗಿಸಿದ ಲೆಕ್ಕ ಇನ್ನೂ ತಲೆಯಲ್ಲಿತ್ತು. "ಅವ್ವ, ನಿನ್ನ ಪುಸ್ತಕ ಕೊಡು" ಎಂದಳು.

ತಾಯಿಗೆ ಖರ್ಚಿನ ಲೆಕ್ಕ ಬರೆಯುವ ಅಭ್ಯಾಸ. ಹನ್ನೆರಡು ವರ್ಷಗಳಲ್ಲಿ ಹಡಗಲಿಗೆ ಹೋದ ಇಪ್ಪತ್ನಾಲ್ಕು ಪಯಣಗಳೂ ಅದರಲ್ಲಿದ್ದವು: ದಿನಾಂಕ, ಟಿಕೆಟ್ಟಿನ ದುಡ್ಡು, ಸಿಕ್ಕಿತೋ ಇಲ್ಲವೋ. ಹುಡುಗಿ ಮತ್ತೆ ನಾಲ್ಕು ಮನೆ ಗೀಚಿದಳು. ಮೊದಲ ರೈಲಿನ ಟಿಕೆಟ್ಟು 18 ಸಲ ಖಾತ್ರಿಯಾಗಿತ್ತು. ಎರಡನೆಯದು 16 ಸಲ. ಅಂದರೆ ಮೊದಲನೆಯದು ಕೈಕೊಡುವ ಸಂಭವ ನಾಲ್ಕರಲ್ಲಿ ಒಂದು, ಎರಡನೆಯದು ಕೈಕೊಡುವುದು ಮೂರರಲ್ಲಿ ಒಂದು. ಗುಣಿಸಿದರೆ ಹನ್ನೆರಡರಲ್ಲಿ ಒಂದು. ಇಪ್ಪತ್ನಾಲ್ಕು ಪಯಣಗಳಲ್ಲಿ ಎರಡೇ ಎರಡು ಸಲ ಎರಡೂ ಕೈಕೊಡಬೇಕು. ಅಪ್ಪ ಲೆಕ್ಕ ಮಾಡದೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಪುಸ್ತಕದಲ್ಲಿ ಎರಡೂ ಸಿಗದೆ ಹೋದದ್ದು ಐದು ಸಲ. ಎರಡೂ ಸಿಕ್ಕದ್ದು 15, ಮೊದಲನೆಯದು ಮಾತ್ರ ಸಿಕ್ಕದ್ದು 3, ಎರಡನೆಯದು ಮಾತ್ರ ಸಿಕ್ಕದ್ದು 1. ಗುಣಾಕಾರ ಎರಡು ಎನ್ನುತ್ತದೆ, ಎಣಿಕೆ ಐದು ಎನ್ನುತ್ತದೆ.

"ಇಪ್ಪತ್ನಾಲ್ಕು ಕಡಿಮೆ ಆಯ್ತು. ಕವಡೆನೂ ಮೊದಲು ಇಪ್ಪತ್ತಕ್ಕೆ ಎಂಟು ಅಂದಿತ್ತು" ಎಂದು ಹುಡುಗಿಯೇ ಅನುಮಾನಪಟ್ಟಳು. ಅನುಮಾನ ಸರಿಯೇ. ಇಷ್ಟು ಸಣ್ಣ ಎಣಿಕೆಯನ್ನು ಹಿಡಿದು ಆಣೆ ಮಾಡಿ ಹೇಳುವಂತಿಲ್ಲ. ಆದರೆ ಕವಡೆಗೂ ರೈಲಿಗೂ ಒಂದು ವ್ಯತ್ಯಾಸವಿತ್ತು. ಎರಡು ಕವಡೆ ಸೇರಿ ಬೀಳುವುದಕ್ಕೆ ಕಾರಣವೇನೆಂದು ಕೇಳಿದರೆ ಉತ್ತರವಿರಲಿಲ್ಲ. ಇಲ್ಲಿ ಆ ಐದು ದಿನಾಂಕಗಳ ಮೇಲೆ ಬೆರಳಿಟ್ಟರೆ ಸಾಕಿತ್ತು: ಎರಡು ಸಂಕ್ರಾಂತಿ, ಎರಡು ದಸರಾ, ಒಂದು ಬೇಸಿಗೆ ರಜೆಯ ಕೊನೆಯ ವಾರ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ರೈಲು ತುಂಬಿಸುವ ಹಬ್ಬವೇ ವಿಜಯವಾಡದಿಂದ ಹೊಸಪೇಟೆ ಕಡೆಯ ರೈಲನ್ನೂ ತುಂಬಿಸುತ್ತದೆ. ಎರಡು ರೈಲುಗಳು ಒಂದರ ಮಾತು ಒಂದು ಕೇಳುವುದಿಲ್ಲ ನಿಜ. ಆದರೆ ಎರಡೂ ಒಂದೇ ಪಂಚಾಂಗದ ಮಾತು ಕೇಳುತ್ತವೆ. ಮಾಮೂಲಿ ದಿನಗಳಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ, ಹಬ್ಬದ ದಿನಗಳಲ್ಲಿ ಎರಡೂ ಒಟ್ಟಿಗೆ ಕೈಕೊಡುತ್ತವೆ. ಇಂಥ ಕಡೆ ಗುಣಾಕಾರ ಮಾಡಿದರೆ ತಪ್ಪುವುದು ಅತ್ಯಂತ ಬೇಕಾದ ದಿನವೇ.

ಒಂದು ಸಾಲಿನ ಹತ್ತಿರ ಹುಡುಗಿಯ ಬೆರಳು ನಿಂತಿತು. ನಾಲ್ಕು ವರ್ಷದ ಹಿಂದಿನ ಜನವರಿ. ದುಡ್ಡಿನ ಅಂಕಿ ಇರಬೇಕಾದ ಕಡೆ ಖಾಲಿ. ಪಕ್ಕದಲ್ಲಿ ಮೂರೇ ಮಾತು: "ಎರಡೂ ಆಗಲಿಲ್ಲ. ಬಸ್ಸು. ತಡ."

ಅದು ಅಜ್ಜ ತೀರಿಕೊಂಡ ಸಲ. ಆಸ್ಪತ್ರೆಗೆ ಸೇರಿಸಿದ್ದಾರೆಂದು ಸಂಜೆ ಫೋನು ಬಂದಿತ್ತು. ಆಗಲೇ ಬಸ್ಸು ಹತ್ತಬಹುದಿತ್ತು. ಬೆಳಗಿನ ರೈಲಿಗೂ ಮರುರಾತ್ರಿಯ ರೈಲಿಗೂ ಟಿಕೆಟ್ಟು ಹಾಕಿ, ಒಂದಾದರೂ ಆಗುತ್ತದೆಂದು ಕಾದರು. ಎರಡೂ ಆಗಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಊರು ಮುಟ್ಟುವಾಗ ಮಣ್ಣು ಮಾಡಿ ಮುಗಿದಿತ್ತು. ಅಂದಿನಿಂದ ತಾಯಿ ಆ ದಿನದ ಮಾತು ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು: ಎರಡೂ ಒಂದೇ ದಿನ ಕೈಕೊಡಬೇಕಂದ್ರ ನನ್ನ ಹಣೆಬರಹ ಎಂಥಾದ್ದು. ಹನ್ನೆರಡಕ್ಕೊಂದು ಸಲ ಆಗುವಂಥದ್ದು ತನಗೇ, ಆ ದಿನವೇ ಯಾಕೆ ಆಯಿತು ಎಂಬುದು ಅವಳ ನಾಲ್ಕು ವರ್ಷದ ಪ್ರಶ್ನೆ.

ಈಗ ಮಗಳು ಗೀಚಿದ ನಾಲ್ಕು ಮನೆಯನ್ನು ಅವಳು ಬಹಳ ಹೊತ್ತು ನೋಡಿದಳು. ಅದು ಹಣೆಬರಹವಾಗಿರಲಿಲ್ಲ. ಸಂಕ್ರಾಂತಿಯ ವಾರದಲ್ಲಿ ಹಾಗೆ ಆಗುವುದೇ ರೂಢಿ. ವಿಧಿ ತನ್ನೊಬ್ಬಳನ್ನೇ ಹುಡುಕಿಕೊಂಡು ಬಂದಿರಲಿಲ್ಲ ಎಂಬುದರಲ್ಲಿ ಒಂದು ಸಮಾಧಾನವಿತ್ತು. ಆದರೆ ಮೊದಲೇ ಎಣಿಸಿದ್ದರೆ ಆ ಸಂಜೆಯೇ ಬಸ್ಸು ಹತ್ತುತ್ತಿದ್ದೆವು ಎಂಬುದೂ ಅದೇ ಹಾಳೆಯಲ್ಲಿತ್ತು. ಹಣೆಬರಹಕ್ಕೆ ಹೊರಿಸಿದ್ದ ಭಾರದಲ್ಲಿ ಒಂದಿಷ್ಟು ಮರಳಿ ಹೆಗಲಿಗೆ ಬಂತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಅಪ್ಪನೂ ಹಾಳೆಯನ್ನು ನೋಡಿದ, ಎದ್ದು ಹೋಗಿ ನೀರು ಕುಡಿದು ಬಂದ.

*

ಹೂವಿನಹಡಗಲಿಗೂ ವಿಶಾಖಪಟ್ಟಣಕ್ಕೂ ಸಂಬಂಧ ಈ ಮನೆಯಿಂದ ಶುರುವಾದದ್ದಲ್ಲ. ಸಂಖ್ಯಾಶಾಸ್ತ್ರದ ದೊಡ್ಡ ಹೆಸರು ಸಿ. ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಹಡಗಲಿಯಲ್ಲಿ, ತೆಲುಗು ಮಾತಿನ ಮನೆಯಲ್ಲಿ. ಕೃಷ್ಣನ ಹಾಗೆ ಎಂಟನೆಯ ಮಗು ಎಂದು ರಾಧಾಕೃಷ್ಣ ಎಂದು ಹೆಸರಿಟ್ಟರು. ಗಣಿತ ಓದಿದ್ದು ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ. ಯುದ್ಧದ ಕಾಲದಲ್ಲಿ ಸೈನ್ಯದ ಸರ್ವೆ ವಿಭಾಗದ ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಉಳಿದುಕೊಂಡ ಹೋಟೆಲಿನಲ್ಲಿ ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬರ ಪರಿಚಯವಾಯಿತು, ಅಲ್ಲಿಗೆ ಹೋಗಿ ನೋಡಿದರು, 1941ರಲ್ಲಿ ಸೇರಿಕೊಂಡರು. ನಾಲ್ಕು ವರ್ಷಕ್ಕೆ, 1945ರ ಅವರ ಲೇಖನ ಅವರ ಹೆಸರನ್ನು ಜಗತ್ತಿನ ಪಠ್ಯಪುಸ್ತಕಗಳಿಗೆ ಸೇರಿಸಿತು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟಿನಲ್ಲಿ, ನೂರಾ ಎರಡು ವರ್ಷ ಬದುಕಿ, ಅಮೆರಿಕದಲ್ಲಿ ತೀರಿಕೊಂಡರು.

ಒಂದು ಕೆಲಸ ತಪ್ಪಿದ್ದು, ಒಂದು ಪರಿಚಯ ಆದದ್ದು. ಇವೆರಡೂ ಸ್ವತಂತ್ರ ಘಟನೆಗಳೇ ಎಂದು ಕೇಳಿದರೆ ಎಣಿಸಿ ಹೇಳಲು ಬರುವುದಿಲ್ಲ. ಒಬ್ಬ ಮನುಷ್ಯನ ಬದುಕು ಒಂದೇ ಎಸೆತ. ರೈಲಿನ ಟಿಕೆಟ್ಟಿನ ಅನುಕೂಲವೆಂದರೆ ಅದನ್ನು ಇಪ್ಪತ್ನಾಲ್ಕು ಸಲ ಎಸೆಯಬಹುದು, ಬರೆದಿಡುವವರೊಬ್ಬರು ಮನೆಯಲ್ಲಿದ್ದರೆ.

ರಾತ್ರಿ ಊಟವಾದ ಮೇಲೆ ತಾಯಿ ಹಡಗಲಿಗೆ ಫೋನು ಮಾಡಿದಳು. ಆಪರೇಷನ್ನಿನ ದಿನ ಜನವರಿಯ ಕೊನೆಯ ವಾರಕ್ಕೆ ಮುಂದೆ ಹಾಕಿಸಲು ಆಗುತ್ತದೆಯೇ, ವೈದ್ಯರನ್ನು ಕೇಳಬೇಕು ಎಂದಳು. ಹಬ್ಬ ಕಳೆದ ಮೇಲಾದರೆ ಎರಡೂ ರೈಲು ಸಿಗುತ್ತವೆ. ಸಿಗದಿದ್ದರೆ ಹಿಂದಿನ ದಿನವೇ ಬಸ್ಸು ಹತ್ತುತ್ತೇನೆ, ಈ ಸಲ ಕಾಯುವುದಿಲ್ಲ.

"ಕಣ್ಣು ಹದಿನೈದು ದಿನ ಕಾಯತಾವ. ಅದಕ್ಕೇನು" ಎಂದಳು ಅಜ್ಜಿ.

ಹುಡುಗಿ ಫೋನು ಕಿತ್ತುಕೊಂಡು ಕವಡೆಯ ವರದಿ ಒಪ್ಪಿಸಿದಳು. ಇನ್ನೂರು ಸಲ ಎಸೆದದ್ದು, ಗುಣಿಸಿದ್ದು, ಆ ಕವಡೆಗಳಲ್ಲಿ ಚೌಕಕ್ಕಿಂತ ಬಾರವೇ ಎರಡೂವರೆ ಪಟ್ಟು ಹೆಚ್ಚು ಬೀಳಬೇಕೆಂದು ತಾನು ಕಂಡುಹಿಡಿದದ್ದು.

ಅಜ್ಜಿ ನಕ್ಕಳು. "ಬೀಳಬೇಕೇನು, ಬೀಳತಾವ. ನಿಮ್ಮಜ್ಜನ ಜೋಡಿ ನಲವತ್ತು ವರ್ಷ ಆಡೀನಿ. ಅವು ಬೋರಲ ಬೀಳೂ ಕವಡಿ."